ಫಾರಿನ್‌ನಲ್ಲಿ ಕಾರ್ ಓಡಿಸ್ಬೇಕಾ? ಹೊರಡೋಕೆ ಮುಂಚೆ ಆರ್‌ಟಿಒದಲ್ಲಿ ಐಡಿಪಿ ಮಾಡಿಸಿಕೊಳ್ಳಿ

ದುಬೈ, ಥಾಯ್ಲೆಂಡ್ ಕಡೆ ಟೂರ್ ಹೋಗಿ ಅಲ್ಲಿ ಬಾಡಿಗೆ ಕಾರು ಓಡಿಸಬೇಕು ಅನ್ನೋರಿಗೆ ನಮ್ಮ ಡಿಎಲ್ ಒಂದೇ ಸಾಲದು. ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಅಂದರೆ ಐಡಿಪಿ ಬೇಕು. ಇಲ್ಲದಿದ್ದರೆ ಮುಂಗಡ ಬುಕ್ ಮಾಡಿದ್ದರೂ ಕಂಪನಿಯವರು ಕೀ ಕೊಡಲ್ಲ.

ಐಡಿಪಿ ಅಂದ್ರೆ ಏನು?
ಇದು ಹೊಸ ಲೈಸೆನ್ಸ್ ಅಲ್ಲ. ನಿಮ್ಮ ಡಿಎಲ್‌ನ ವಿವರವನ್ನು ಬೇರೆ ದೇಶದವರು ಓದಲು ಆಗುವಂತೆ ಕೊಡುವ ಪತ್ರ. ಹಾಗಾಗಿ ಒರಿಜಿನಲ್ ಡಿಎಲ್ ಮನೆಯಲ್ಲಿಟ್ಟು ಹೋದರೆ ಐಡಿಪಿ ಇದ್ದೂ ಪ್ರಯೋಜನವಿಲ್ಲ.

ಎಲ್ಲಿ, ಹೇಗೆ?
ಪರಿವಾಹನ್ ವೆಬ್‌ಸೈಟ್‌ನ ಸಾರಥಿ ವಿಭಾಗದಲ್ಲಿ ನಮೂನೆ 4ಎ ಅರ್ಜಿ ಹಾಕಬೇಕು. ಶುಲ್ಕ 1,000 ರೂ. ಡಿಎಲ್, ಪಾಸ್‌ಪೋರ್ಟ್ ಕೈಲಿರಲಿ. ಎಲ್‌ಎಲ್ ಇದ್ದವರಿಗೆ ಸಿಗಲ್ಲ. ವೀಸಾ, ಮೆಡಿಕಲ್ ಸರ್ಟಿಫಿಕೇಟ್ ಕೊಡಲೇಬೇಕು ಅನ್ನೋ ಷರತ್ತನ್ನು 2021ರಲ್ಲಿ ಕೇಂದ್ರ ಸರ್ಕಾರ ತೆಗೆದಿದೆ. ಅವಧಿ ಒಂದು ವರ್ಷ. ಅದಕ್ಕೂ ಮುಂಚೆ ಡಿಎಲ್ ಮುಗಿದರೆ ಐಡಿಪಿಯೂ ಅಲ್ಲಿಗೇ ಮುಗೀತು. ವಿದೇಶದಲ್ಲಿದ್ದಾಗಲೇ ಅವಧಿ ಮುಗಿದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿ ಮೂಲಕ ಅರ್ಜಿ ಹಾಕಬಹುದು.

ದೇಶಕ್ಕೊಂದು ನಿಯಮ
* ಯುಎಇ: ವಿಸಿಟ್ ವೀಸಾದವರಿಗೆ ಡಿಎಲ್ ಜೊತೆ ಐಡಿಪಿ ಬೇಕು. ಕೆಲಸಕ್ಕೆ ಹೋಗಿ ರೆಸಿಡೆನ್ಸ್ ವೀಸಾ ಪಡೆದವರು ಅಲ್ಲಿನ ಲೈಸೆನ್ಸನ್ನೇ ಮಾಡಿಸಬೇಕು.
* ಬ್ರಿಟನ್: ಪ್ರವಾಸಿಗರು ನಮ್ಮ ಡಿಎಲ್‌ನಲ್ಲೇ 12 ತಿಂಗಳವರೆಗೆ ಕಾರು ಓಡಿಸಬಹುದು.
* ಜಪಾನ್: 1949ರ ಜಿನೀವಾ ಒಪ್ಪಂದದ ಐಡಿಪಿ ಮಾತ್ರ ನಡೆಯುತ್ತೆ. ಭಾರತದ್ದು ಅದೇ.
* ಚೀನಾ: ಐಡಿಪಿಗೆ ಬೆಲೆ ಇಲ್ಲ.

ಸ್ಕೂಟರ್ ವಿಷಯದಲ್ಲಿ ಹುಷಾರ್
ಡಿಎಲ್‌ನಲ್ಲಿ ಕಾರು ಮಾತ್ರ ಇದ್ದರೆ ಐಡಿಪಿಯಲ್ಲೂ ಅಷ್ಟೇ. ಥಾಯ್ಲೆಂಡ್‌ನಲ್ಲಿ ಬಾಡಿಗೆ ಸ್ಕೂಟರ್ ಸುಲಭವಾಗಿ ಸಿಗುತ್ತೆ. ಆದರೆ ಬೈಕ್ ಲೈಸೆನ್ಸ್ ಇಲ್ಲದೆ ಓಡಿಸಿ ಬಿದ್ದರೆ ಪ್ರವಾಸಿ ವಿಮೆಯವರು ಹಣ ಕೊಡದೇ ಇರಬಹುದು. ಆಸ್ಪತ್ರೆ ಖರ್ಚೆಲ್ಲ ಕೈಯಿಂದಲೇ.

ಕಾರು ತಗೊಳ್ಳುವಾಗ
* ಹೆಚ್ಚಿನ ಕಂಪನಿಗಳು ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಕೇಳ್ತವೆ; ಡೆಪಾಸಿಟ್ ಮೊತ್ತ ಅದರಲ್ಲಿ ಬ್ಲಾಕ್ ಆಗುತ್ತೆ.
* ಡ್ಯಾಮೇಜ್ ಆದರೆ ನಿಮ್ಮ ಪಾಲು ಎಷ್ಟು ಅಂತ ಸಹಿ ಹಾಕುವ ಮುಂಚೆ ಕೇಳಿ.
* ಹಳೇ ಗೀರುಗಳ ವಿಡಿಯೋ ಮಾಡಿಕೊಳ್ಳಿ.
* ದುಬೈನಲ್ಲಿ ಸಾಲಿಕ್ ಟೋಲ್ ತಾನಾಗೇ ಲೆಕ್ಕಕ್ಕೆ ಬೀಳುತ್ತೆ, ಬಿಲ್ ಆಮೇಲೆ ಬರುತ್ತೆ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು ಅನ್ನೋದೂ ನೆನಪಿರಲಿ.

ಆನ್‌ಲೈನ್ ಮೋಸ
'ಮನೆಯಲ್ಲೇ ಕೂತು ಇಂಟರ್‌ನ್ಯಾಷನಲ್ ಲೈಸೆನ್ಸ್' ಅಂತ ಖಾಸಗಿ ವೆಬ್‌ಸೈಟ್‌ಗಳು ಡಾಲರ್ ಲೆಕ್ಕದಲ್ಲಿ ಕಾರ್ಡ್ ಮಾರ್ತವೆ. ಅದಕ್ಕೆ ಕಾನೂನಿನ ಮಾನ್ಯತೆ ಇಲ್ಲ. ಪೊಲೀಸ್ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಲೈಸೆನ್ಸ್ ಇಲ್ಲದೆ ಓಡಿಸಿದಂತೆಯೇ ಲೆಕ್ಕ.