ಅನ್ನದ ಋಣದಿಂದ ಕೂಲಿಯ ಕರಾರಿಗೆ: ಒಡೆಯ–ಆಳು ಸಂಬಂಧದಲ್ಲಿ ನಿಷ್ಠೆಯ ಅವನತಿ

'ಉಂಡ ಮನೆಗೆ ಎರಡು ಬಗೆಯಬಾರದು' ಎಂಬ ಮಾತು ಕನ್ನಡ ಜನಪದರಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. 'ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು' ಎಂಬ ಗಾದೆಯೂ ಅದೇ ಜನಪದರದು. ಮೊದಲನೆಯದು ಆಳಿನಿಂದ ನಿಷ್ಠೆಯನ್ನು ಬೇಡುತ್ತದೆ. ಎರಡನೆಯದು ಆಳಿನ ಬಗೆಗಿನ ಒಡೆಯನ ಅಪನಂಬಿಕೆಯನ್ನು ನುಡಿಯುತ್ತದೆ. ಇಂದಿನ ದುಡಿಮೆಗಾರರಲ್ಲಿ ನಿಷ್ಠೆಯಿಲ್ಲವೆಂಬ ದೂರು ಸಾಮಾನ್ಯವಾಗಿದೆ. ಈ ನಿಷ್ಠೆ ಯಾವ ಕಟ್ಟುಪಾಡಿನ ಮೇಲೆ ನಿಂತಿತ್ತು, ಆ ಕಟ್ಟುಪಾಡು ಮೊದಲು ಯಾವ ಕಡೆಯಿಂದ ಸಡಿಲವಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಈ ಸಂಬಂಧದ ಹಳೆಯ ಸಾಕ್ಷ್ಯಗಳು ಶಾಸನಗಳಲ್ಲಿವೆ. ಉಂಡ ಅನ್ನಕ್ಕೆ ಪ್ರತಿಯಾಗಿ ಕಾದುವ ಹೊಣೆ ಜೋಳವಾಳಿ. ಒಡೆಯನೊಂದಿಗೇ ಪ್ರಾಣ ಬಿಡುವ ಪ್ರತಿಜ್ಞೆ ವೇಳೆವಾಳಿ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' (1966) ಈ ಆಚರಣೆಗಳತ್ತ ವಿದ್ವಾಂಸರ ಗಮನ ಸೆಳೆದ ಕೃತಿಗಳಲ್ಲಿ ಪ್ರಮುಖವಾದುದು. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಪರವಾಗಿ ಹೋರಾಡಿದ ಮಣಲೆರನು ಒಡೆಯನ ಮೆಚ್ಚುಗೆಯಾಗಿ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದುದನ್ನೂ, ಆ ನಾಯಿ ಹಂದಿಯೊಡನೆ ಕಾದಿ ಮಡಿದುದನ್ನೂ ಆತಕೂರಿನ ಶಾಸನ ಹೇಳುತ್ತದೆ. ಬೂತುಗನು ಮಣಲೆರನಿಗೆ 'ಬಾಳ್ಗಳ್ಚು' ರೂಪದಲ್ಲಿ, ಅಂದರೆ ಕತ್ತಿ ತೊಳೆದು ನೀಡುವ ದತ್ತಿಯಾಗಿ, ಭೂಮಿಯನ್ನು ಕೊಟ್ಟ ವಿವರವೂ ಅದರಲ್ಲಿದೆ. ಮಡಿದ ವೀರನ ಮನೆಯವರಿಗೆ ನೆತ್ತರುಗೊಡಗೆಯ ಭೂಮಿ ನೀಡುವ ಪದ್ಧತಿಯೂ ಇತ್ತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯಿರುವ ಗರುಡಗಂಬವು 1220ರಲ್ಲಿ ತೀರಿಕೊಂಡ ಇಮ್ಮಡಿ ಬಲ್ಲಾಳನೊಂದಿಗೆ ಪ್ರಾಣಾರ್ಪಣೆ ಮಾಡಿದ ಕುವರ ಲಕ್ಷ್ಮ ದಂಡನಾಯಕನ ಸ್ಮಾರಕ. ಇವೆಲ್ಲವೂ ಯೋಧವರ್ಗದ ದಾಖಲೆಗಳು ಎಂಬುದನ್ನು ಮರೆಯಲಾಗದು. ಹೊಲದಲ್ಲಿ ದುಡಿದು ಸತ್ತ ಆಳಿಗೆ ಕಲ್ಲು ನೆಡುವ ರೂಢಿ ಇರಲಿಲ್ಲ. ಆದರೆ ನಿಷ್ಠೆಗೆ ಪ್ರತಿಫಲವಾಗಿ ಒಡೆಯನ ಮೇಲೆಯೂ ಒಂದು ಭಾರವಿತ್ತೆಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿದೆ.

ಗ್ರಾಮಜೀವನದಲ್ಲಿ ಇದೇ ತತ್ತ್ವ ಆಯಗಾರಿಕೆಯ ರೂಪದಲ್ಲಿ ಕಾಣಿಸುತ್ತದೆ. ಕಮ್ಮಾರ, ಬಡಗಿ, ಅಗಸ, ಕ್ಷೌರಿಕ, ಕುಂಬಾರ, ತಳವಾರ, ತೋಟಿ, ನೀರುಗಂಟಿ ಮೊದಲಾದ ಆಯಗಾರರು ವರ್ಷವಿಡೀ ಊರಿಗೆ ಸೇವೆ ಸಲ್ಲಿಸಿ, ಸುಗ್ಗಿಯಲ್ಲಿ ಕಣದ ರಾಶಿಯಿಂದ ತಮ್ಮ ಪಾಲನ್ನು ಪಡೆಯುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಬಾರಾಬಲೂತಿ ಎಂದು ಹೆಸರು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಸರ್ಕಾರ ಮತ್ತು ರೈತನ ನಡುವೆ ರಾಶಿ ಹಂಚಿಕೆಯಾಗುವುದಕ್ಕೆ ಮೊದಲೇ ಗ್ರಾಮಸೇವಕರ ಪಾಲನ್ನು ತೆಗೆಯುತ್ತಿದ್ದುದನ್ನು ವಿವರವಾಗಿ ದಾಖಲಿಸಿದ್ದಾನೆ. ಈ ಕ್ರಮದಲ್ಲಿ ಬೆಳೆ ಹೆಚ್ಚಿದರೆ ಹರ್ಷವೂ ಕುಂದಿದರೆ ಕಷ್ಟವೂ ಇಬ್ಬರದಾಗಿತ್ತು. 1863ರಲ್ಲಿ ಮೈಸೂರಿನಲ್ಲಿ ಆರಂಭವಾದ ಕಂದಾಯ ಮೋಜಣಿಯು ನಗದು ತೆರಿಗೆಯನ್ನು ವ್ಯವಸ್ಥಿತಗೊಳಿಸಿತು. ರಾಶಿಗೂ ಸರ್ಕಾರಕ್ಕೂ ಇದ್ದ ನಂಟು ಕಡಿದಂತೆ, ಕಣದ ಪಾಲು ಹಕ್ಕಿನ ಸ್ವರೂಪದಿಂದ ರೈತನ ಮರ್ಜಿಯ ಕಡೆಗೆ ಸರಿಯತೊಡಗಿತು.

ಆಯಗಾರಿಕೆಯಲ್ಲಿ ಕನಿಷ್ಠ ಒಂದು ಊರು ಸಾಕ್ಷಿಯಾಗಿತ್ತು. ಜೀತದಲ್ಲಿ ಅದೂ ಇರಲಿಲ್ಲ. 1948ರಲ್ಲಿ ಮೈಸೂರು ಸಮೀಪದ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ನಡೆಸಿದ ಎಂ.ಎನ್. ಶ್ರೀನಿವಾಸ್ ಅವರು, ವಂಶಪಾರಂಪರ್ಯವಾಗಿ ಒಂದು ಮನೆಗೆ ದುಡಿಯುವ ದಲಿತ ಸೇವಕನನ್ನು 'ಹಳೇಮಗ'ನೆಂದು ಕರೆಯುತ್ತಿದ್ದುದನ್ನು ಗುರುತಿಸಿದ್ದಾರೆ. ಮಗನೆಂಬ ಹೆಸರು ಆತನಿಗಿತ್ತು, ಮಗನ ಪಾಲು ಇರಲಿಲ್ಲ. ಸಾಲ ಪಡೆದು ವರ್ಷಗಟ್ಟಲೆ ದುಡಿಯುವ ಜೀತದಾಳಿಗಾದರೋ 'ಅನ್ನದ ಋಣ'ವು ಲೆಕ್ಕದ ಪುಸ್ತಕದ ಸಾಲವೇ ಆಗಿತ್ತು. ಶಿವರಾಮ ಕಾರಂತರ 'ಚೋಮನ ದುಡಿ' (1933) ಈ ಸತ್ಯವನ್ನು ಮನಗಾಣಿಸುತ್ತದೆ. ಧಣಿಗೆ ಜೀವಮಾನವಿಡೀ ದುಡಿದ ಚೋಮನಿಗೆ ಉಳುವ ತುಂಡು ಭೂಮಿ ದೊರೆಯುವುದಿಲ್ಲ. ಸಾಲ ತೀರಿಸಲು ಆತನ ಮಕ್ಕಳು ಕಾಫಿ ತೋಟಕ್ಕೆ ಹೋಗಬೇಕಾಗುತ್ತದೆ. ಇಲ್ಲಿ ಆಳಿನ ನಿಷ್ಠೆ ಉಳಿದಿದೆ, ಒಡೆಯನ ಹೊಣೆ ಉಳಿದಿಲ್ಲ.

ಆದುದರಿಂದ ಶಾಸನಸಭೆಗಳ ಹಸ್ತಕ್ಷೇಪವನ್ನು ನಿಷ್ಠೆಯ ನಾಶವೆಂದು ಬಗೆಯುವುದು ಸರಿಯಾಗದು. ವಂಶಪಾರಂಪರ್ಯ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ 1961ರ ಕಾಯಿದೆ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ, 1975ರ ಸುಗ್ರೀವಾಜ್ಞೆಯನ್ನು ಅನುಸರಿಸಿ ಬಂದ 1976ರ ಜೀತಪದ್ಧತಿ ನಿರ್ಮೂಲನಾ ಕಾಯಿದೆ ಇವು ಅದಾಗಲೇ ಏಕಪಕ್ಷೀಯವಾಗಿದ್ದ ಸಂಬಂಧವನ್ನು ಕಾನೂನಿನ ದೃಷ್ಟಿಯಿಂದ ಕೊನೆಗೊಳಿಸಿದವು. ಆಳು ಬಿಡುಗಡೆ ಹೊಂದಿದನು; ಬಿಡುಗಡೆಯ ನಂತರದ ಆಸರೆ ಮಾತ್ರ ಎಲ್ಲೆಡೆ ಸಮನಾಗಿ ಒದಗಲಿಲ್ಲ.

ನಗರದ ಕಾರ್ಖಾನೆಗಳು ಹಳೆಯ ನಂಬಿಕೆಗೆ ಹೊಸ ನೆಲೆಯನ್ನು ಒದಗಿಸಿದಂತೆ ತೋರಿದವು. ಕಣದ ರಾಶಿಪೂಜೆಯ ಸ್ಥಾನದಲ್ಲಿ ಯಂತ್ರಗಳಿಗೆ ಆಯುಧಪೂಜೆ ನಡೆಯಿತು. ಹಬ್ಬದ ಇನಾಮು 1965ರ ಕಾಯಿದೆಯ ಮೂಲಕ ಬೋನಸ್ಸಿನ ಹಕ್ಕಾಯಿತು. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 1980–81ರಲ್ಲಿ 77 ದಿನ ಮುಷ್ಕರ ಹೂಡಿದುದನ್ನು ನಿಷ್ಠೆಯ ಅಭಾವವೆಂದು ಹೇಳಲಾಗದು. ಕಾರ್ಖಾನೆಯನ್ನು ತಮ್ಮದೆಂದು ತಿಳಿದವರೇ ಪಾಲನ್ನು ಕೇಳಬಲ್ಲರು. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದಾಗ, ತಲೆಮಾರುಗಳಿಂದ ನೆಲದಾಳದಲ್ಲಿ ದುಡಿದ ಕುಟುಂಬಗಳು ಅತಂತ್ರವಾದವು. 1961ರಿಂದ ಗಡಿಯಾರ ತಯಾರಿಸುತ್ತಿದ್ದ ಎಚ್.ಎಂ.ಟಿ.ಯ ಆ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ಗುತ್ತಿಗೆ ಪದ್ಧತಿಯಲ್ಲಂತೂ ಒಡೆಯನಾರೆಂಬುದೇ ಅಸ್ಪಷ್ಟ. ಗುತ್ತಿಗೆ ನಿಷೇಧವಾದ ಮಾತ್ರಕ್ಕೆ ಕಾರ್ಮಿಕರು ಮೂಲ ಉದ್ದಿಮೆಯ ನೌಕರರಾಗಿ ತಾನಾಗಿಯೇ ವಿಲೀನಗೊಳ್ಳುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ತೀರ್ಪಿತ್ತಿತು. ನಿಷ್ಠೆ ತೋರಬೇಕಾದ ಮನೆ ಯಾವುದೆಂದು ತಿಳಿಯದ ದುಡಿಮೆಗಾರನಿಗೆ 'ಉಂಡ ಮನೆ'ಯ ಗಾದೆ ಹೇಗೆ ಅನ್ವಯಿಸೀತು?

ಮೇಲಿನ ಸಾಕ್ಷ್ಯಗಳಿಂದ ಒಂದು ಸಂಗತಿ ಖಚಿತವಾಗುತ್ತದೆ. ಒಡೆಯ ಮತ್ತು ಆಳಿನ ನಡುವಣ ನಿಷ್ಠೆ ಕೇವಲ ಗುಣವಿಶೇಷವಾಗಿರದೆ, ಭೂಮಿ, ಧಾನ್ಯ, ಆಸರೆಗಳ ವಿನಿಮಯದ ಮೇಲೆ ನಿಂತ ಕಟ್ಟುಪಾಡಾಗಿತ್ತು. ಕೊಡುವ ಕೈ ಹಿಂದೆ ಸರಿದ ಮೇಲೂ ಋಣದ ಭಾಷೆ ಬಹುಕಾಲ ಉಳಿಯಿತು. ಆಳನ್ನು ಕಟ್ಟಿಹಾಕುವುದಕ್ಕೂ ಅದು ಬಳಕೆಯಾಯಿತು. ಜಾನಪದ ಸಂಗ್ರಹಕಾರರು ಸ್ವಾಮಿನಿಷ್ಠೆಯ ಗಾದೆ, ಐತಿಹ್ಯಗಳನ್ನು ದಾಖಲಿಸುವಾಗ ಅವನ್ನು ಹೇಳಿದವರು ಕಣದ ಯಾವ ಬದಿಯಲ್ಲಿ ನಿಂತಿದ್ದರು, ಅವರ ಪಾಲಿಗೆ ಬಂದುದೆಷ್ಟು ಎಂಬುದನ್ನೂ ಬರೆದಿಡಬೇಕು. ಆ ವಿವರವಿಲ್ಲದ ಸಂಗ್ರಹವು ಒಡೆಯನ ನೆನಪನ್ನೇ ಜನಪದದ ನೆನಪೆಂದು ಮುಂದಿನ ತಲೆಮಾರಿಗೆ ದಾಟಿಸುವ ಅಪಾಯವಿದೆ.