ಕೈದಿಗಳೇ ಕಾವಲುಗಾರರಾಗಿದ್ದ ಊರು

ಊರಿನಿಂದ ನೆಂಟರು ಬಂದರೆ ನಮ್ಮೆಲ್ಲರ ಮನೆಯಲ್ಲೂ ಕಾರ್ಯಕ್ರಮ ಒಂದೇ. ಮೊದಲ ದಿನ ಮರ್ಲಯನ್, ಎರಡನೆಯ ದಿನ ಸೆಂತೋಸ, ಮೂರನೆಯ ದಿನ ಮುಸ್ತಫಾ ಅಂಗಡಿ. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯಿಂದ ನನ್ನ ಸೋದರಮಾವ ಬಂದಿದ್ದರು. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಸಿಟಿ ಹಾಲ್ ಹತ್ತಿರ ಓಡಾಡುತ್ತಿದ್ದಾಗ ಇಲ್ಲಿಯ ಮಾಮೂಲಿ ಮಳೆ ಸುರಿಯಿತು. ಓಡಿಹೋಗಿ ಸೇಂಟ್ ಆಂಡ್ರೂಸ್ ಚರ್ಚಿನೊಳಗೆ ನಿಂತೆವು. ನಾನು ಗಡಿಯಾರ ನೋಡುತ್ತಿದ್ದರೆ ಮಾವ ಅಲ್ಲಿಯ ಕಂಬವನ್ನು ಅಂಗೈಯಿಂದ ಸವರುತ್ತಿದ್ದರು. "ಇದು ಸಿಮೆಂಟ್ ಅಲ್ಲೋ ತಮ್ಮಾ, ಗಾರಿ. ನಮ್ಮ ಕಡೀ ಗಾರಿ. ಇಲ್ಲಿ ಯಾರು ಮಾಡಿದ್ರು ಇದನ್ನ?" ಎಂದರು. ಇಷ್ಟು ವರ್ಷ ಈ ಊರಿನಲ್ಲಿದ್ದೂ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಹುಡುಕಿದಾಗ ತಿಳಿದದ್ದು ಇದು: ಆ ಚರ್ಚನ್ನು ಕಟ್ಟಿದವರು ನಮ್ಮ ದೇಶದ ಕೈದಿಗಳು. ಈಗ ರಾಷ್ಟ್ರಪತಿಗಳ ಅಧಿಕೃತ ನಿವಾಸವಾಗಿರುವ ಇಸ್ತಾನವನ್ನು ಕಟ್ಟಿದವರೂ ಅವರೇ. ರಸ್ತೆ, ಸೇತುವೆ, ಕಾಲುವೆ, ದೀಪಸ್ತಂಭ ಎಂದು ಎಣಿಸುತ್ತಾ ಹೋದರೆ ಹಳೆಯ ಸಿಂಗಪುರದ ಬಹುಪಾಲು ಅವರ ಬೆವರಿನದೇ. ನಾವೆಲ್ಲ ವೀಸಾ ಹಿಡಿದು ಬಂದವರು; ಅವರು ಬೇಡಿ ಹಾಕಿಸಿಕೊಂಡು ಬಂದವರು. ಈ ಮಣ್ಣಿನಲ್ಲಿ ನಮಗಿಂತ ಹಿರಿಯರು.

ರಾಫಲ್ಸ್ ಇಲ್ಲಿಗೆ ಬಂದದ್ದು 1819ರಲ್ಲಿ. 1824ರ ಒಪ್ಪಂದದಲ್ಲಿ ಸುಮಾತ್ರದ ಬೆಂಕೂಲೆನ್ ಡಚ್ಚರ ಪಾಲಾಯಿತು. ಅಲ್ಲಿದ್ದ ಭಾರತೀಯ ಕೈದಿಗಳನ್ನು ಕಂಪನಿಯವರು ಇತ್ತ ಸಾಗಿಸಿದರು. 1825ರ ಏಪ್ರಿಲ್‌ನಲ್ಲಿ ಮೊದಲ ತಂಡ ಇಳಿಯಿತು, ಸುಮಾರು 80 ಮಂದಿ. ಆಮೇಲೆ ಮದರಾಸು, ಬಂಗಾಳ, ಮುಂಬಯಿ ಪ್ರಾಂತ್ಯಗಳಿಂದ ನೇರವಾಗಿಯೇ ಹಡಗುಗಳು ಬರತೊಡಗಿದವು. ಶತಮಾನದ ಮಧ್ಯದ ಹೊತ್ತಿಗೆ ಇಲ್ಲಿದ್ದ ಕೈದಿಗಳು ಎರಡು ಸಾವಿರ ದಾಟಿದ್ದರು. ಕೊಲೆಗಾರರು, ದರೋಡೆಕೋರರು, ದಾರಿಹೋಕರ ಕುತ್ತಿಗೆಗೆ ವಸ್ತ್ರ ಬಿಗಿಯುತ್ತಿದ್ದ ಠಕ್ಕರು, ಎಲ್ಲರೂ ಇದ್ದರು. ಕಂಪನಿ ಸರಕಾರಕ್ಕೆ ಎದುರು ನಿಂತದ್ದನ್ನು ಬಿಟ್ಟರೆ ಬೇರೆ ಅಪರಾಧವನ್ನೇ ಮಾಡದವರೂ ಇದ್ದರು.

ಕನ್ನಡಿಗರ ನಂಟು ಇರುವುದು ಇಲ್ಲಿಯೇ. 1834ರಲ್ಲಿ ಕೊಡಗನ್ನು ನುಂಗಿದ ಕಂಪನಿಯವರು ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲೇ ಕಟ್ಟಬೇಕೆಂದರು. 1837ರ ಏಪ್ರಿಲ್‌ನಲ್ಲಿ ರೈತರು ದಂಡೆದ್ದು ಮಂಗಳೂರಿನವರೆಗೆ ಹೋಗಿ ಊರನ್ನು ಕೆಲವು ದಿನ ತಮ್ಮ ಕೈಯಲ್ಲಿ ಇಟ್ಟುಕೊಂಡರು. ದಂಗೆ ಅಡಗಿದ ಮೇಲೆ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ನೇಣಿಗೆ ಹಾಕಿದ್ದು ನಮ್ಮಲ್ಲಿ ಅನೇಕರಿಗೆ ಗೊತ್ತು. ಗಡೀಪಾರಾಗಿ ಸಿಂಗಪುರಕ್ಕೆ ಬಂದವರ ಸಂಗತಿ ಅಷ್ಟಾಗಿ ಗೊತ್ತಿಲ್ಲ. ಚೆಟ್ಟಿ ಕುಡಿಯ, ಕುರ್ತು ಕುಡಿಯ, ಶಾಂತಳ್ಳಿ ಮಲ್ಲಯ್ಯ ಎಂಬ ಹೆಸರುಗಳು ಆ ಪಟ್ಟಿಯಲ್ಲಿ ಬರುತ್ತವೆ. ಸಮುದ್ರ ದಾಟಿದರೆ ಜಾತಿ ಹೋಯಿತು, ಕುಲ ಹೋಯಿತು ಎಂದು ನಂಬಿದ್ದ ಕಾಲ. ಕೊಡಗಿನ ಬೆಟ್ಟದ ಜನ ಆ ಹಡಗಿನ ತಳದಲ್ಲಿ ಕೂತು ಏನು ಮಾತಾಡಿಕೊಂಡರೋ! ಈ ಊರಿನಲ್ಲಿ ಕನ್ನಡ ಕೇಳಿಬಂದದ್ದು ನಮ್ಮ ಸಾಫ್ಟ್‌ವೇರ್ ಹುಡುಗರಿಂದಲೇ ಎಂದುಕೊಂಡಿದ್ದರೆ ತಿದ್ದಿಕೊಳ್ಳಬೇಕಾದೀತು.

ಇನ್ನು ಮುಖ್ಯ ವಿಷಯ. ಇಷ್ಟು ಮಂದಿ ಕೈದಿಗಳನ್ನು ಕಾಯಲು ಕಂಪನಿಯ ಬಳಿ ಹಣವೂ ಇರಲಿಲ್ಲ, ಆಳುಗಳೂ ಇರಲಿಲ್ಲ. ಬೆಂಕೂಲೆನ್‌ನಲ್ಲಿ ರಾಫಲ್ಸ್ ಕೈದಿಗಳನ್ನು ನಡತೆಗೆ ತಕ್ಕಂತೆ ಮೂರು ದರ್ಜೆಗಳಾಗಿ ವಿಂಗಡಿಸಿದ್ದ. ಇಲ್ಲಿ ಅದು ಬೆಳೆದು, 1840ರ ದಶಕದಲ್ಲಿ ಗವರ್ನರ್ ಬಟರ್‌ವರ್ತ್ ಮಾಡಿದ ನಿಯಮಗಳಲ್ಲಿ ಆರು ದರ್ಜೆಗಳಾದವು. ಹೊಸದಾಗಿ ಬಂದವನು ನಾಲ್ಕನೆಯ ದರ್ಜೆ, ಕಾಲಿಗೆ ಹಗುರ ಬೇಡಿ. ತಪ್ಪಿ ನಡೆದರೆ ಐದನೆಯದಕ್ಕೆ ಇಳಿಕೆ, ಭಾರದ ಬೇಡಿ. ನೆಟ್ಟಗೆ ನಡೆದರೆ ಮೂರನೆಯದು, ಬೇಡಿ ಕಳಚಿ ರಸ್ತೆ, ಕಟ್ಟಡಗಳ ಕೆಲಸ. ಎರಡನೆಯ ದರ್ಜೆಯವರು ಆಸ್ಪತ್ರೆ, ಕಚೇರಿಗಳಲ್ಲಿ ಜವಾನರಾಗಿ, ಉಳಿದ ಕೈದಿಗಳ ಮೇಲೆ ಮೇಸ್ತ್ರಿ, ದಫೇದಾರರಾಗಿ ಇರುತ್ತಿದ್ದರು. ಮೊದಲನೆಯ ದರ್ಜೆ ತಲುಪಿದವನಿಗೆ ಒಂದು ರಹದಾರಿ ಚೀಟಿ. ಆತ ಜೈಲಿನ ಹೊರಗೆ ಮನೆಮಾಡಿ, ತನ್ನ ದುಡಿಮೆ ತಾನು ದುಡಿದು, ನಿಗದಿಯಾದಂತೆ ಹಾಜರಿ ಕೊಟ್ಟರೆ ಸಾಕು. ಆರನೆಯದು ಮುದುಕರಿಗೆ, ಕಾಯಿಲೆಯವರಿಗೆ, ಹೆಂಗಸರಿಗೆ.

ಕೆಳಗಿನ ದರ್ಜೆಯಿಂದ ಮೇಲಿನದಕ್ಕೆ ಎಷ್ಟು ಕಾಲ, ಯಾವ ನಡತೆಗೆ ಎಂಬುದು ನಿಯಮದಲ್ಲೇ ಬರೆದಿತ್ತು. ಜೀವಾವಧಿ ಶಿಕ್ಷೆಯವನಿಗೂ ಲೆಕ್ಕ ಹಾಕಲು ಒಂದು ದಿನಾಂಕ ಸಿಗುತ್ತಿತ್ತು. ನನ್ನ ವೃತ್ತಿಯಲ್ಲಿ ಇದರ ಬೆಲೆ ನನಗೆ ಗೊತ್ತು. ಪಾರ್ಶ್ವವಾಯು ಬಡಿದವರಿಗೆ "ವಾಸಿಯಾಗುತ್ತೆ, ಧೈರ್ಯವಾಗಿರಿ" ಎಂದರೆ ಮೇಲೆ ಏಳುವುದಿಲ್ಲ. "ಈ ವಾರ ಮಂಚದಿಂದ ಕುರ್ಚಿಗೆ, ಬರುವ ವಾರ ಕುರ್ಚಿಯಿಂದ ಬಾಗಿಲಿಗೆ" ಎಂದರೆ ಏಳುತ್ತಾರೆ.

ಸಂಬಳದ ಕಾವಲುಗಾರರನ್ನು ಬಹುಮಟ್ಟಿಗೆ ಬಿಟ್ಟು, ಕೈದಿಗಳ ಮೇಲೆ ಕೈದಿಗಳನ್ನೇ ಕಾವಲಿಗೆ ಇಟ್ಟದ್ದು ಆ ಕಾಲದವರಿಗೆ ಹುಚ್ಚುತನವಾಗಿ ಕಂಡಿರಬೇಕು. ಈ ಜೈಲನ್ನು ವರ್ಷಗಟ್ಟಲೆ ನೋಡಿಕೊಂಡ ಮೇಜರ್ ಮೆಕ್‌ನೇರ್ 1899ರಲ್ಲಿ ಬರೆದ ಪುಸ್ತಕಕ್ಕೆ 'ಕೈದಿಗಳೇ ತಮ್ಮ ಕಾವಲುಗಾರರು' ಎಂಬ ಅರ್ಥದ ಹೆಸರನ್ನೇ ಇಟ್ಟ. ಬ್ರಾಸ್ ಬಾಸಾ ರಸ್ತೆಯಲ್ಲಿದ್ದ ಆ ಜೈಲಿನಲ್ಲಿ ಕಮ್ಮಾರಿಕೆ, ಬಡಗಿತನ, ಕಲ್ಲುಕೆಲಸ, ನೇಯ್ಗೆ, ಕಡೆಗೆ ಮುದ್ರಣ, ಛಾಯಾಗ್ರಹಣ ಕೂಡ ಕಲಿಸುತ್ತಿದ್ದರು. ಸೆರಂಗೂನ್ ರಸ್ತೆಯ ಕಡೆ ಕೈದಿಗಳ ಇಟ್ಟಿಗೆ ಗೂಡುಗಳಿದ್ದವು. ತೋಟಗಳಿಗೆ ಹುಲಿಕಾಟ ಹೆಚ್ಚಾದಾಗ ಕೈದಿಗಳ ಬೇಟೆ ತಂಡಗಳನ್ನು ಬಂದೂಕು ಕೊಟ್ಟು ಕಾಡಿಗೆ ಕಳುಹಿಸಿದರು! ಶಿಕ್ಷೆ ಅನುಭವಿಸುತ್ತಿರುವ ಕೊಲೆಗಾರನ ಕೈಗೆ ಬಂದೂಕು ಕೊಟ್ಟು, ಸಂಜೆ ಮರಳಿ ಬಾ ಎನ್ನುವುದನ್ನು ಊಹಿಸಿಕೊಳ್ಳಿ.

ಮಾವ ಸವರಿದ ಗಾರೆಯ ವಿಷಯವನ್ನೂ ಮೆಕ್‌ನೇರ್ ಬರೆದಿದ್ದಾನೆ. ಮರಳು ಬೆರೆಸದ ಚಿಪ್ಪಿನ ಸುಣ್ಣ, ಮೊಟ್ಟೆಯ ಬಿಳಿ ಲೋಳೆ, ಒರಟು ಸಕ್ಕರೆ. ಇವನ್ನು ನಾದಿ, ತೆಂಗಿನ ಸಿಪ್ಪೆ ನೆನೆಹಾಕಿದ ನೀರಿನಲ್ಲಿ ಹದಮಾಡಿ, ಗೋಡೆಗೆ ಬಳಿದು, ಸ್ಫಟಿಕದ ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ತರುತ್ತಿದ್ದರು. ಚರ್ಚಿಗೆ ಅಡಿಗಲ್ಲು ಹಾಕಿದ್ದು 1856ರಲ್ಲಿ. ನಕ್ಷೆ ಬರೆದ ಮ್ಯಾಕ್‌ಫರ್ಸನ್ ಆಗ ಕೈದಿಗಳ ಮೇಲ್ವಿಚಾರಕನೂ ಆಗಿದ್ದ. ಮಾವನಿಗೆ ಫೋನು ಮಾಡಿ ಈ ಪಾಕವನ್ನೆಲ್ಲ ಓದಿ ಹೇಳಿದೆ. "ನಮ್ಮ ಅಜ್ಜನ ಕಾಲದ ಮೇಸ್ತ್ರಿಗಳೂ ಬೆಲ್ಲದ ನೀರು ಹಾಕ್ತಿದ್ರು ತಗೋ" ಎಂದು ಸಂತೋಷಪಟ್ಟರು.

ವೈದ್ಯನಾದ ನನ್ನ ಮನಸ್ಸಿಗೆ ಹೆಚ್ಚು ತಾಗಿದ ಸಂಗತಿ ಇನ್ನೊಂದಿದೆ. ಬಂಗಾಳ, ಮದರಾಸು ಪ್ರಾಂತ್ಯಗಳಲ್ಲಿ ಘೋರ ಅಪರಾಧಿಗಳ ಹಣೆಯ ಮೇಲೆ ಅಪರಾಧದ ಹೆಸರನ್ನು ಹಚ್ಚೆ ಹೊಯ್ಯುತ್ತಿದ್ದರು. 1849ರಲ್ಲಿ ಕಾನೂನು ಮಾಡಿ ನಿಲ್ಲಿಸುವವರೆಗೂ ಈ ಪದ್ಧತಿ ಇತ್ತು. ಕಾನೂನು ನಿಂತರೂ ಚರ್ಮದ ಮೇಲಿನ ಶಾಯಿ ಹೋಗುತ್ತದೆಯೆ? ಇಲ್ಲಿಗೆ ಬಂದ ಎಷ್ಟೋ ಜನ ರುಮಾಲನ್ನು ಹುಬ್ಬಿನವರೆಗೆ ಎಳೆದು ಕಟ್ಟುತ್ತಿದ್ದರಂತೆ. ದಫೇದಾರನಾಗಿ, ರಹದಾರಿ ಪಡೆದು, ಎತ್ತಿನ ಗಾಡಿ ಇಟ್ಟುಕೊಂಡು, ಇಲ್ಲಿಯವಳನ್ನೇ ಮದುವೆಯಾಗಿ ಮಕ್ಕಳನ್ನು ಪಡೆದ ಮೇಲೂ ಆ ರುಮಾಲು ಇಳಿಯುವಂತಿರಲಿಲ್ಲ.

ಹಾಗೆಂದು ಇದನ್ನೆಲ್ಲ ಕಂಪನಿಯ ದೊಡ್ಡ ಗುಣ ಎಂದು ಹಾಡಿಹೊಗಳಲು ನಾನು ಸಿದ್ಧನಿಲ್ಲ. ಪುಕ್ಕಟೆ ಕೂಲಿ ಬೇಕಿತ್ತು, ಕಾವಲಿನ ಖರ್ಚು ಉಳಿಯಬೇಕಿತ್ತು, ಅಷ್ಟೆ. ಸೊಸೈಟಿ ಅಕ್ಕಿಯಂತೆ ಜನರನ್ನು ತೂಕಹಾಕಿ ಹಂಚಿದವರು ಅವರು. ಪಂಜಾಬಿನ ಭಾಯಿ ಮಹಾರಾಜ್ ಸಿಂಗರನ್ನು 1850ರಲ್ಲಿ ಇಲ್ಲಿಗೆ ತಂದು ಒಂಟಿ ಕೋಣೆಯಲ್ಲಿ ಕೂಡಿಹಾಕಿದರು. ಅವರು ಕುರುಡಾಗಿ 1856ರಲ್ಲಿ ಸತ್ತರು. ರಾಜಕೀಯ ಕೈದಿಗಳಲ್ಲಿ ಅಂಥವರಿಗೆ ಏರಲು ಯಾವ ದರ್ಜೆಯೂ ಇರಲಿಲ್ಲ. ಆದರೂ ಲೋಭದಿಂದ ಹುಟ್ಟಿದ ಈ ವ್ಯವಸ್ಥೆ ಒಂದು ಕೆಲಸ ಮಾಡಿತು. 1857ರಲ್ಲಿ ಉತ್ತರ ಭಾರತದ ದಂಗೆಯ ಸುದ್ದಿ ಕೇಳಿ ಇಲ್ಲಿಯ ಯುರೋಪಿಯನ್ ವ್ಯಾಪಾರಿಗಳು ಗಾಬರಿಯಾದರು, ಕೈದಿಗಳು ಎದ್ದರೆ ಗತಿಯೇನು ಎಂದು. ಕೈದಿಗಳು ಏಳಲಿಲ್ಲ. 1867ರಲ್ಲಿ ಸಿಂಗಪುರ ಭಾರತ ಸರಕಾರದ ಕೈಯಿಂದ ಬಿಟ್ಟುಹೋಯಿತು. 1873ರಲ್ಲಿ ಜೈಲನ್ನು ಮುಚ್ಚಿ, ಶಿಕ್ಷೆ ಉಳಿದವರನ್ನು ಅಂಡಮಾನಿಗೆ ಕಳುಹಿಸಿದರು. ರಹದಾರಿ ಪಡೆದಿದ್ದವರು ಇಲ್ಲೇ ಉಳಿದು ಈ ಊರಿನ ಜನರೊಳಗೆ ಬೆರೆತುಹೋದರು. ಅವರ ಮೊಮ್ಮಕ್ಕಳ ಮಕ್ಕಳು ನಮ್ಮ ಕ್ಲಿನಿಕ್ಕುಗಳಲ್ಲಿ ಸಾಲಿನಲ್ಲಿ ಕೂತಿರಬಹುದು. ಯಾರಿಗೆ ಗೊತ್ತು!

ಇದರ ಪಕ್ಕದಲ್ಲಿ ಇದೇ ಊರಿನ ಇನ್ನೊಂದು ಪ್ರಯೋಗವನ್ನು ಇಟ್ಟು ನೋಡಬೇಕು. ಸುಮಾರು ನೂರು ವರ್ಷಗಳ ನಂತರ, 1950ರ ದಶಕದಲ್ಲಿ, ಸಿಂಗಪುರದ ಬೀದಿಗಳನ್ನು ರಹಸ್ಯ ಸಂಘಗಳ ರೌಡಿಗಳು ಆಳುತ್ತಿದ್ದರು (ನಮ್ಮ ಸಂಘದಂಥದ್ದಲ್ಲ!). ಸಾಕ್ಷಿ ಹೇಳಲು ಯಾರೂ ಬಾರದ್ದರಿಂದ ಅವರನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಕಾನೂನು ಬಂತು. ಜೈಲು ಸುಧಾರಣೆಯನ್ನು ಪರಿಶೀಲಿಸಿದ ಸಮಿತಿಯ ಅಧ್ಯಕ್ಷರು ದೇವನ್ ನಾಯರ್, ಮುಂದೆ ರಾಷ್ಟ್ರಪತಿಯಾದವರು. ಸ್ವತಃ ಬ್ರಿಟಿಷರ ಬಂಧನದಲ್ಲಿದ್ದು ಬಂದಿದ್ದರಿಂದ ಸೆರೆಯ ಒಳಗು ಅವರಿಗೆ ತಿಳಿದಿತ್ತು. 1960ರಲ್ಲಿ ದಕ್ಷಿಣದ ಒಂದು ಪಾಳುದ್ವೀಪದಲ್ಲಿ ಗೋಡೆಯಿಲ್ಲದ ಜೈಲು ಶುರುವಾಯಿತು. ಹೆಸರು ಪುಲಾವ್ ಸೆನಾಂಗ್. ಮಲಯ ಭಾಷೆಯಲ್ಲಿ ಸೆನಾಂಗ್ ಎಂದರೆ ನೆಮ್ಮದಿ, ಸುಖ.

ಅದರ ಮುಖ್ಯಸ್ಥ ಡೇನಿಯಲ್ ಡಟನ್. ಬೆವರು ಸುರಿಸಿ ದುಡಿದರೆ ಎಂಥವನೂ ಸರಿಹೋಗುತ್ತಾನೆ ಎಂದು ಮನಸಾರೆ ನಂಬಿದ್ದ ಮನುಷ್ಯ. ಕಾವಲಿನವರ ಕೈಯಲ್ಲಿ ಬಂದೂಕಿರಲಿಲ್ಲ. ಸುಮಾರು ಐವತ್ತು ಮಂದಿಯಿಂದ ಆರಂಭವಾಗಿ ಮುನ್ನೂರರಷ್ಟು ಬಂಧಿಗಳು ಕಾಡು ಕಡಿದು ರಸ್ತೆ, ಮನೆ, ಕಾರ್ಖಾನೆ ಕಟ್ಟಿದರು. ಹಲವರು ಬಿಡುಗಡೆಯಾಗಿ ಕೆಲಸಕ್ಕೂ ಸೇರಿದರು. ದೂರದಿಂದ ಜನ ನೋಡಲು ಬರುವಷ್ಟು ಹೆಸರಾಯಿತು. ನಂತರ 1963ರ ಜುಲೈ ತಿಂಗಳು. ದೋಣಿಕಟ್ಟೆಯ ಕೆಲಸಕ್ಕೆ ಹೊತ್ತು ಮೀರಿ ದುಡಿಯಲು ಒಪ್ಪದ 13 ಮಂದಿ ಬಡಗಿಗಳನ್ನು ಡಟನ್ ಚಾಂಗಿ ಜೈಲಿಗೆ ವಾಪಸು ಕಳುಹಿಸಿದ. ಚಾಂಗಿಗೆ ವಾಪಸಾದರೆ ಅಷ್ಟು ದಿನದ ದುಡಿಮೆ ನೀರಿನಲ್ಲಿ ಹೋಮ. ಬಿಡುಗಡೆ ಯಾವಾಗಲೋ ದೇವರಿಗೇ ಗೊತ್ತು. 12ನೆಯ ತಾರೀಖು ಬಂಧಿಗಳು ಎದ್ದರು. ಡಟನ್ ಮತ್ತು ಅವನ ಜೊತೆಯ ಅಧಿಕಾರಿಗಳು ಕೊಲೆಯಾದರು. ಮೂರು ವರ್ಷ ಕಟ್ಟಿದ್ದನ್ನು ಒಂದು ಗಂಟೆಯೊಳಗೆ ಸುಟ್ಟುಹಾಕಿದರು. ವಿಚಾರಣೆಯ ನಂತರ, 1965ರ ಅಕ್ಟೋಬರ್‌ನಲ್ಲಿ, 18 ಮಂದಿಯನ್ನು ಗಲ್ಲಿಗೇರಿಸಿದರು. ಆ ದ್ವೀಪದಲ್ಲಿ ಈಗ ಸೈನ್ಯದವರು ಗುಂಡು ಹಾರಿಸುವ ಅಭ್ಯಾಸ ಮಾಡುತ್ತಾರೆ.

'ಕಳ್ಳರಿಗೆ ಸಲಿಗೆ ಕೊಟ್ಟರೆ ಹೀಗೇ' ಎಂದು ಅಂದು ಎಷ್ಟೋ ಜನ ಅಂದರು, ಇಂದೂ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹಾಗೆ ನೋಡಿದರೆ ಬ್ರಾಸ್ ಬಾಸಾದ ಕೈದಿಗೆ ಸಿಕ್ಕ ಸಲಿಗೆ ಇನ್ನೂ ಹೆಚ್ಚು. ಅವನಿಗೆ ಇದ್ದು ಪುಲಾವ್ ಸೆನಾಂಗಿನವನಿಗೆ ಇಲ್ಲದಿದ್ದದ್ದು ಬರೆದಿಟ್ಟ ಏಣಿ. ಇವರಿಗೆ ವಿಚಾರಣೆಯೂ ಆಗಿರಲಿಲ್ಲ, ಶಿಕ್ಷೆಗೆ ಅವಧಿಯೂ ಇರಲಿಲ್ಲ. ಎಲ್ಲವೂ ಒಬ್ಬ ಒಳ್ಳೆಯ ಮನುಷ್ಯನ ಮೆಚ್ಚುಗೆಯ ಮೇಲೆ ನಿಂತಿತ್ತು. ಒಳ್ಳೆಯ ಮನುಷ್ಯನಿಗೂ ಒಂದು ದಿನ ಸಿಟ್ಟು ಬರುತ್ತದಲ್ಲ.

ಇತ್ತೀಚಿನ ಕಥೆ ನಿಮಗೆ ಗೊತ್ತಿರುವುದೇ. 1998ರಲ್ಲಿ ಇಲ್ಲಿಯ ಜೈಲುಗಳಿಂದ ಹೊರಬಂದವರಲ್ಲಿ ಎರಡು ವರ್ಷದೊಳಗೆ ಮತ್ತೆ ಒಳಹೋದವರು ಶೇಕಡ 44.4. ಇತ್ತೀಚಿನ ವರ್ಷಗಳಲ್ಲಿ ಅದು ಐವರಲ್ಲಿ ಒಬ್ಬರ ಸುಮಾರಿಗೆ ಇಳಿದಿದೆ. ಜೈಲಿನಲ್ಲಿ ಕಸುಬು ಕಲಿಸುವುದು, ಶಿಕ್ಷೆಯ ಕೊನೆಯ ಭಾಗವನ್ನು ಹೊರಗೆ ನಿಗಾದಲ್ಲಿ ಕಳೆಯಲು ಬಿಡುವುದು, 2004ರಲ್ಲಿ ಶುರುವಾದ ಹಳದಿ ರಿಬ್ಬನ್ ಯೋಜನೆ, ಎಲ್ಲದರ ಪಾಲೂ ಇದೆ. ನೇಣು, ಛಡಿಯೇಟುಗಳೂ ಇದೇ ದೇಶದಲ್ಲಿವೆ ಎಂಬುದನ್ನು ಮರೆತು ನಾನು ಬರೆಯುತ್ತಿಲ್ಲ.

ಇಷ್ಟೆಲ್ಲ ಓದಿದ ಮೇಲೆಯೇ ನಡೆದ ಒಂದು ಸಂಗತಿ ಹೇಳಿಬಿಡುತ್ತೇನೆ. ನನ್ನ ಕ್ಲಿನಿಕ್ಕಿನಲ್ಲಿ ಸಹಾಯಕರ ಕೆಲಸ ಖಾಲಿಯಾದಾಗ ನಲವತ್ತು ದಾಟಿದ ಒಬ್ಬರು ಬಂದರು. ಅಚ್ಚುಕಟ್ಟಾದ ಮಾತು, ತೋಳಿನ ಹಚ್ಚೆ ಕಾಣದಂತೆ ಆ ಸೆಕೆಯಲ್ಲೂ ಉದ್ದ ತೋಳಿನ ಅಂಗಿ. ಮಾದಕ ವಸ್ತುವಿನ ಪ್ರಕರಣದಲ್ಲಿ ಜೈಲಿನಲ್ಲಿದ್ದೆ ಎಂದು ನಾನು ಕೇಳುವ ಮೊದಲೇ ಹೇಳಿದರು. ನನ್ನ ಕಣ್ಣು ತಾನಾಗಿ ಕೊಡೀನ್ ಇರುವ ಕೆಮ್ಮಿನ ಔಷಧಿಯ ಬೀರುವಿನ ಕಡೆ ಹೋಯಿತು. ಅವರು ಅದನ್ನು ನೋಡಿದರು. "ತಿಳಿಸುತ್ತೇನೆ" ಎಂದು ಕಳುಹಿಸಿದೆ. ತಿಳಿಸಲಿಲ್ಲ. ಬೀರುವಿಗೆ ಬೀಗ ಇತ್ತು, ಬೀಗದ ಕೈ ನನ್ನ ಜೇಬಿನಲ್ಲಿತ್ತು. ನೋಂದಣಿ ಪುಸ್ತಕ ಬರೆಯುವ ಕೆಲಸವನ್ನಾದರೂ ಕೊಟ್ಟು ಆರು ತಿಂಗಳು ನೋಡಬಹುದಿತ್ತು, ಒಂದು ಮೆಟ್ಟಿಲಿನಷ್ಟು. ಮೂರು ತಿಂಗಳಾದ ಮೇಲೆ ಮನಸ್ಸು ತಡೆಯದೆ ಫೋನು ಮಾಡಿದೆ. ಬೇರೆ ಕಡೆ ಕೆಲಸಕ್ಕೆ ಸೇರಿದ್ದರು. "ಫೋನು ಮಾಡಿದ್ದಕ್ಕೆ ಥ್ಯಾಂಕ್ಸ್, ಡಾಕ್ಟರ್. ಯಾರೂ ಮಾಡುವುದಿಲ್ಲ" ಎಂದರು. ನನಗೆ ಮುಂದಕ್ಕೆ ಮಾತು ಹೊರಡಲಿಲ್ಲ.

ಮುಂದಿನ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಏಳೂವರೆಗೆ, ಬಿಸಿಲೇರುವ ಮುಂಚೆ, ಸಿಟಿ ಹಾಲ್ ನಿಲ್ದಾಣದಿಂದ ಹೊರಟು ಸೇಂಟ್ ಆಂಡ್ರೂಸ್, ಅಲ್ಲಿಂದ ಹಳೆಯ ಜೈಲಿದ್ದ ಬ್ರಾಸ್ ಬಾಸಾ ರಸ್ತೆಯವರೆಗೆ ನಡೆದು ಬರೋಣ ಎಂದಿದ್ದೇನೆ. ಇಸ್ತಾನ ದೀಪಾವಳಿಯ ಹೊತ್ತಿಗೆ ಸಾರ್ವಜನಿಕರಿಗೆ ತೆರೆದಾಗ ನೋಡಿದರಾಯಿತು. ಬರುವವರು ಕಾರ್ಯದರ್ಶಿಗಳಲ್ಲಿ ಹೆಸರು ಕೊಡಿ. ಮಕ್ಕಳನ್ನೂ ಕರೆತನ್ನಿ, ಕಂಬವನ್ನು ಮುಟ್ಟಿ ನೋಡಲಿ. ಸುಳ್ಯ, ಮಡಿಕೇರಿ ಕಡೆಯವರ ಮನೆಗಳಲ್ಲಿ 1837ರ ಹಳೆಯ ಮಾತು ಏನಾದರೂ ಉಳಿದಿದ್ದರೆ ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬನ್ನಿ.