ಗರಿಯ ನಾಡಿಗೆ ಬಂದ ಉಗುರು

ಶಾಸ್ತ್ರೀಯ ಗಿಟಾರ್ ನುಡಿಸುವವರ ಎರಡು ಕೈಗಳಿಗೆ ಎರಡು ಕಟ್ಟಳೆ. ಎಡಗೈ ಉಗುರು ತಂತಿ ಒತ್ತುವಾಗ ಅಡ್ಡ ಬಾರದಷ್ಟು ಗಿಡ್ಡವಾಗಿರಬೇಕು. ಬಲಗೈ ಉಗುರು ಬೆರಳ ತುದಿಯನ್ನು ಒಂದೆರಡು ಮಿಲಿಮೀಟರ್ ದಾಟಿರಬೇಕು. ಆ ಒಂದೆರಡು ಮಿಲಿಮೀಟರಿಗಾಗಿ ಅರದಿಂದ ತೀಡುತ್ತಾರೆ, ನುಣುಪು ಉಪ್ಪುಕಾಗದದಿಂದ ಉಜ್ಜುತ್ತಾರೆ, ಮುರಿದರೆ ಪಿಂಗ್‌ಪಾಂಗ್ ಚೆಂಡಿನ ಚೂರನ್ನು ಅಂಟು ಹಾಕಿ ಕೂರಿಸುತ್ತಾರೆ. ಕತಾರಿನ ರಾಜಧಾನಿ ದೋಹಾದಲ್ಲಿ ಈ ಆರೈಕೆಗೆ ಹವೆಯೂ ತೊಡಕು: ಹೊರಗೆ ಕೊಲ್ಲಿಯ ಬೇಸಿಗೆಯ ತೇವ, ಒಳಗೆ ಎ.ಸಿ.ಯ ಒಣಗಾಳಿ. ಪದೇ ಪದೇ ನೆನೆದು ಒಣಗುವ ಉಗುರು ಬೇಗ ಸೀಳುತ್ತದೆ. ಆದರೆ ನನ್ನ ಗಮನ ಇರುವುದು ಇನ್ನೊಂದು ವಿಷಯದ ಮೇಲೆ. ಗಿಟಾರ್ ಬರುವುದಕ್ಕೆ ಬಹಳ ಮೊದಲೇ ಕತಾರಿನಲ್ಲಿ ತಂತಿವಾದ್ಯವಿತ್ತು, ಅದನ್ನು ಮೀಟುವವರೂ ಇದ್ದರು. ಆದರೂ ಅಲ್ಲಿನ ಸಂಗೀತದಲ್ಲಿ ಉಗುರಿನ ಆರೈಕೆಗೆ ಹೆಚ್ಚಿನ ಜಾಗವೇ ಇರಲಿಲ್ಲ. ಇದಕ್ಕೆ ಕಾರಣವನ್ನು ಕೊಲ್ಲಿಯ ಜನರ ದುಡಿಮೆಯಲ್ಲಿ ಮತ್ತು ಅವರು ಹಾಡಲು ಕೂಡುತ್ತಿದ್ದ ಕೋಣೆಯಲ್ಲಿ ಹುಡುಕಬೇಕು ಎಂಬುದು ನನ್ನ ವಾದ.

ಕೊಲ್ಲಿಯ ಕರಾವಳಿಯಲ್ಲಿ ಬೆಳೆದ ನಗರದ ಹಾಡುಗಾರಿಕೆ ಸೌತ್. ಅದರ ನಡುವೆ ಇರುವ ವಾದ್ಯ ಊದ್. ಊದನ್ನು ಮೀಟುವುದು ಹದ್ದಿನ ಗರಿಯ ದೇಟಿನಿಂದ, ಅಂದರೆ ರೀಶಾದಿಂದ. ಈಗ ಹೆಚ್ಚಾಗಿ ಕೊಂಬು ಅಥವಾ ಪ್ಲಾಸ್ಟಿಕ್ಕಿನ ಉದ್ದನೆಯ ಪಟ್ಟಿಯಿಂದ. ಅರಬ್ ಸಂಗೀತದ ಇನ್ನೊಂದು ಮುಖ್ಯ ವಾದ್ಯವಾದ ಖಾನೂನಿನಲ್ಲಿ ತೋರುಬೆರಳುಗಳಿಗೆ ಲೋಹದ ಉಂಗುರ ತೊಟ್ಟು, ಅದರಡಿ ಸಿಕ್ಕಿಸಿದ ಕಡ್ಡಿಯಿಂದ ನುಡಿಸುತ್ತಾರೆ. ಪೂರ್ವ ಆಫ್ರಿಕಾ ಮೂಲದವರು ಕೊಲ್ಲಿಗೆ ತಂದ ತಂಬೂರಾ ನಮ್ಮ ಶ್ರುತಿ ತಂಬೂರಿಯಲ್ಲ. ಚೌಕಟ್ಟಿಗೆ ತಂತಿ ಬಿಗಿದ ದೊಡ್ಡ ವಾದ್ಯ. ಅದನ್ನು ಮೀಟುವುದು ಕೊಂಬಿನ ತುಂಡಿನಿಂದ. ಮೂರು ವಾದ್ಯಗಳ ಹಿನ್ನೆಲೆ ಬೇರೆ ಬೇರೆ. ಆದರೆ ಮೂರರಲ್ಲೂ ತಂತಿಗೆ ತಾಗುವುದು ಉಗುರಲ್ಲ, ಕೈಯಲ್ಲಿ ಹಿಡಿದ ಅಥವಾ ಬೆರಳಿಗೆ ತೊಟ್ಟ ಒಂದು ವಸ್ತು. ಸವೆದರೆ ಅದನ್ನು ಎಸೆದು ಇನ್ನೊಂದನ್ನು ತೆಗೆದುಕೊಳ್ಳಬಹುದು. ಮುರಿದ ಉಗುರು ಬೆಳೆಯಲು ವಾರಗಟ್ಟಲೆ ಕಾಯಬೇಕು.

ಈಗ ಆ ಕೈಗಳು ಹಗಲು ಏನು ಮಾಡುತ್ತಿದ್ದವು ಎಂಬುದನ್ನು ನೋಡಬೇಕು. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಅಧಿಕಾರಿ ಲೋರಿಮರ್ ಸಿದ್ಧಪಡಿಸಿದ ಗೆಜೆಟಿಯರಿನ ಪ್ರಕಾರ ಕತಾರಿನ ಜನಸಂಖ್ಯೆ ಸುಮಾರು 27,000; ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮುತ್ತಿನ ದೋಣಿಗಳಲ್ಲಿ ದುಡಿಯುತ್ತಿದ್ದರು. ಮಕ್ಕಳು, ಮುದುಕರು, ಹೆಂಗಸರನ್ನು ಬಿಟ್ಟರೆ ಕಡಲಿಗೆ ಇಳಿಯದ ಗಂಡಸು ಅಪರೂಪವೇ ಇದ್ದಿರಬೇಕು. ಬೇಸಿಗೆಯ ನಾಲ್ಕು ತಿಂಗಳ ಮುಳುಗಿನ ಕಾಲದಲ್ಲಿ ಮುಳುಗುಗಾರ ಮೂಗಿಗೆ ಚಿಮಟ ಹಾಕಿ, ಕಾಲಿಗೆ ಕಲ್ಲು ಕಟ್ಟಿ ತಳಕ್ಕೆ ಇಳಿದು, ಬಂಡೆಗೆ ಕಚ್ಚಿದ ಚಿಪ್ಪುಗಳನ್ನು ಕೈಯಿಂದಲೇ ಕಿತ್ತು ತರುತ್ತಿದ್ದ. ಬೆರಳು ಹರಿಯದಂತೆ ತುದಿಗಳಿಗೆ ಖಬತ್ ಎಂಬ ತೊಗಲಿನ ಟೊಪ್ಪಿಗೆ ತೊಡುತ್ತಿದ್ದ. ಮೇಲೆ ಹಗ್ಗ ಹಿಡಿದು ಅವನನ್ನು ಎಳೆದುಕೊಳ್ಳುವವನ ಅಂಗೈಯೂ ದಿನವಿಡೀ ಉಪ್ಪುನೀರು ಮತ್ತು ಒರಟು ನಾರಿನ ನಡುವೆಯೇ. ಇಂಥ ಕೈಯಲ್ಲಿ ಮಿಲಿಮೀಟರ್ ಲೆಕ್ಕದ ಉಗುರು ಉಳಿಯುವುದಿಲ್ಲ. ದೋಣಿಯ ಮೇಲೆ ನಹ್ಹಾಮ್ ಎಂಬ ಹಾಡುಗಾರ ಇರುತ್ತಿದ್ದ. ಅವನ ಹಾಡಿಗೆ ಒದಗುತ್ತಿದ್ದುದು ಚಪ್ಪಾಳೆ ಮತ್ತು ಮಂದಿಯ ದನಿ. ಊದ್ ಕೈಗೆ ಬರುತ್ತಿದ್ದುದು ದಡ ಸೇರಿದ ಮೇಲೆ, ದಾರ್ ಎಂಬ ಕೂಟದ ಮನೆಗಳಲ್ಲಿ. ಅಲ್ಲಿ ಮಿರ್ವಾಸ್ ಎಂಬ ಪುಟ್ಟ ಚರ್ಮವಾದ್ಯಗಳು, ಸಾಲಾಗಿ ಕೂತವರ ಲಯದ ಚಪ್ಪಾಳೆ, ಎಲ್ಲದರ ನಡುವೆ ಒಂದು ಊದ್. ಗರಿ ಹಿಡಿಯಲು ಜಡ್ಡುಗಟ್ಟಿದ ಬೆರಳೂ ಸಾಕು, ಮತ್ತು ಆ ಗದ್ದಲವನ್ನು ಸೀಳಿ ಕೇಳಿಸುವ ಶಕ್ತಿ ಗರಿಗಿದೆ.

ಇದಕ್ಕೆ ಮೊದಲ ಆಕ್ಷೇಪ ಇತಿಹಾಸದಿಂದಲೇ ಬರುತ್ತದೆ. ಗರಿಯನ್ನು ಕಂಡುಕೊಂಡವರು ಮುತ್ತಿನ ಮುಳುಗುಗಾರರಲ್ಲ. 9ನೇ ಶತಮಾನದಲ್ಲಿ ಬಾಗ್ದಾದಿನಿಂದ ಕಾರ್ಡೋಬಾದ ಆಸ್ಥಾನಕ್ಕೆ ಹೋದ ಸಂಗೀತಗಾರ ಜಿರ್ಯಾಬ್ ಮರದ ಕಡ್ಡಿಯ ಬದಲು ಹದ್ದಿನ ಗರಿಯನ್ನು ಬಳಕೆಗೆ ತಂದನೆಂದು ಇತಿಹಾಸಕಾರ ಅಲ್-ಮಕ್ಕರಿ ಬರೆದಿದ್ದಾನೆ. ಆಸ್ಥಾನದ ಕೈಗಳಿಗೆ ಹಗ್ಗದ ಹಂಗಿರಲಿಲ್ಲ. ಕೊಲ್ಲಿಯಲ್ಲೇ ಸೌತ್ ಪರಂಪರೆಯ ಮಹಾ ಗಾಯಕ, ಬಹ್ರೇನಿನ ಮುಹಮ್ಮದ್ ಬಿನ್ ಫಾರಿಸ್ (1895–1947) ಆಳುವ ಅಲ್ ಖಲೀಫಾ ಮನೆತನದವನು; ಅವನೂ ಗರಿಯನ್ನೇ ಹಿಡಿದ. ಈ ಆಕ್ಷೇಪವನ್ನು ಒಪ್ಪಲೇಬೇಕು, ಆದರೆ ಅದು ಹೇಳುವುದು ಗರಿಯ ಹುಟ್ಟಿನ ಬಗ್ಗೆ ಮಾತ್ರ. ಒಂದು ಉಪಕರಣ ಹುಟ್ಟಿದ ಕಾರಣ ಒಂದು, ಅದು ಒಂದು ಊರಿನಲ್ಲಿ ಪೈಪೋಟಿಯಿಲ್ಲದೆ ಬಾಳುವ ಕಾರಣ ಇನ್ನೊಂದು. ನುಡಿಸುವ ರೀತಿಯನ್ನು ತೀರ್ಮಾನಿಸುತ್ತಿದ್ದುದು ಕೂಟ. ಬಿನ್ ಫಾರಿಸ್ ನುಡಿಸುತ್ತಿದ್ದುದೂ ಅದೇ ಮಿರ್ವಾಸಿನ ಪಕ್ಕದಲ್ಲಿ, ಅದೇ ಚಪ್ಪಾಳೆಯ ನಡುವೆ.

ಎರಡನೆಯ ಆಕ್ಷೇಪ ಸಂಗೀತದ್ದು, ಅದಕ್ಕೆ ತೂಕವೂ ಹೆಚ್ಚು. ಊದಿನದು ಒಂದೇ ಎಳೆಯ ನಾದ, ಆದ್ದರಿಂದ ಒಂದು ಗರಿ ಸಾಕು. ಏಕಕಾಲಕ್ಕೆ ಹಲವು ಎಳೆ ನುಡಿಸಬೇಕಾದಾಗ ಮಾತ್ರ ಬೆರಳುಗಳು ಬೇಕು ಎನ್ನುತ್ತಾರೆ. ಯುರೋಪಿನಲ್ಲಿ ಆದದ್ದು ಹಾಗೆಯೇ: ಊದಿನಿಂದಲೇ ಹುಟ್ಟಿದ ಲ್ಯೂಟ್ 15ನೇ ಶತಮಾನದ ಕೊನೆಯ ಹೊತ್ತಿಗೆ ಗರಿ ಬಿಟ್ಟು ಬೆರಳಿಗೆ ಹೊರಳಿತು, ಬಹುಧ್ವನಿ ಸಂಗೀತ ಅದನ್ನು ಬೇಡಿತು. ಆದರೆ ನಮ್ಮ ವೀಣೆಯನ್ನು ನೋಡಿ. ಅದರದೂ ಒಂದೇ ಎಳೆಯ ರಾಗ. ಆದರೂ ಮೈಸೂರು ಬಾನಿಯಲ್ಲಿ ಬರಿಯ ಉಗುರಿನ ಮೀಟಿಗೆ ಮಾನ್ಯತೆ ಬಂತು. ತೋರುಬೆರಳು, ನಡುಬೆರಳು ತಂತಿಯನ್ನು ಮೀಟುತ್ತವೆ, ಕಿರುಬೆರಳು ತಾಳದ ತಂತಿಗಳನ್ನು ನೋಡಿಕೊಳ್ಳುತ್ತದೆ. ಲೋಹದ ತಂತಿ ಉಗುರನ್ನು ಸವೆಸುತ್ತದೆ. ಅದಕ್ಕೇ ಬೇರೆ ಕಡೆ ಹಲವರು ತಂತಿಯ ನಖಿ ತೊಡುತ್ತಾರೆ. ವೀಣೆ ಶೇಷಣ್ಣನವರಿಗೆ (1852–1926) ಅರಮನೆಯ ಆಶ್ರಯವಿತ್ತು, ಉಗುರು ಕಾಪಾಡಿಕೊಳ್ಳುವುದು ಅಲ್ಲಿ ವೃತ್ತಿಯ ಭಾಗವೇ ಆಗಬಹುದಿತ್ತು. ನಾದದ ಎಳೆ ಒಂದೋ ಹಲವೋ ಎಂಬುದರಿಂದ ಮಾತ್ರ ಉಗುರಿನ ಗತಿ ತೀರ್ಮಾನವಾಗುವುದಿಲ್ಲ ಎನ್ನಲು ಮೈಸೂರೇ ಸಾಕ್ಷಿ.

ಹಾಗಿದ್ದರೆ ಧರ್ಮವೇ ಕಾರಣವಲ್ಲವೇ ಎಂದು ಕೇಳಬಹುದು. ಉಗುರು ಕತ್ತರಿಸುವುದು ಇಸ್ಲಾಮಿನಲ್ಲಿ ಸಹಜ ಶುಚಿತ್ವದ ಐದು ಕ್ರಿಯೆಗಳಲ್ಲಿ ಒಂದು. 40 ದಿನಕ್ಕಿಂತ ಹೆಚ್ಚು ಬಿಡಬಾರದೆಂಬ ಹದೀಸೂ ಇದೆ. ಉದ್ದ ಉಗುರಿನ ಬಗ್ಗೆ ಕೊಲ್ಲಿಯಲ್ಲಿ ಇರುವ ಅಸಮ್ಮತಿಗೆ ಇದು ಬಲ ಕೊಟ್ಟಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೊಲ್ಲಿಯ ಆಚೆ ದಡದ ಇರಾನಿನಲ್ಲಿ, ಮುಸ್ಲಿಮರ ನಡುವೆಯೇ, ಸೆತಾರ್ ಎಂಬ ಸಣ್ಣ ವಾದ್ಯವನ್ನು ನುಡಿಸುವುದು ತೋರುಬೆರಳಿನ ಉಗುರಿನಿಂದ. ಅದೇ ಸಂಗೀತವನ್ನು ಗಟ್ಟಿಯಾಗಿ ಕೇಳಿಸುವ ತಾರ್ ವಾದ್ಯಕ್ಕೆ ಹಿತ್ತಾಳೆಯ ಮಿಜ್ರಾಬ್. ಧರ್ಮ ಒಂದೇ, ರಾಗಗಳೂ ಅವೇ, ಬೇರೆಯಾಗಿರುವುದು ಕೋಣೆ. ಸೆತಾರ್ ಒಬ್ಬಿಬ್ಬರು ಹತ್ತಿರ ಕೂತು ಕೇಳುವ ಮೆಲುದನಿಯ ವಾದ್ಯ. ಈ ಒಂದು ನಿದರ್ಶನ ನನಗೆ ಉಳಿದೆಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ.

ಗಿಟಾರಿನಲ್ಲೂ ಉಗುರು ಮೊದಲಿನಿಂದ ಪ್ರಶ್ನಾತೀತವಾಗಿರಲಿಲ್ಲ. 19ನೇ ಶತಮಾನದಲ್ಲಿ ಗಿಟಾರ್ ವಾದಕ ಫರ್ನಾಂಡೋ ಸೋರ್ ಉಗುರಿನ ದನಿಯನ್ನು ಒಪ್ಪಲಿಲ್ಲ, ಅವನ ಗೆಳೆಯ ಡಯೋನಿಸಿಯೋ ಅಗುವಾಡೋ ಅದನ್ನೇ ಎತ್ತಿಹಿಡಿದ. ಅವರ ನಂತರದ ವಾದಕ ತಾರ್ರೆಗಾ ಬಾಳಿನ ಕೊನೆಯ ವರ್ಷಗಳಲ್ಲಿ ಉಗುರು ಬಿಟ್ಟು ಬೆರಳ ಮಾಂಸದಿಂದಲೇ ನುಡಿಸಿದ. ಜಗಳವನ್ನು ಹೆಚ್ಚುಕಡಿಮೆ ಮುಗಿಸಿದ್ದು 20ನೇ ಶತಮಾನದ ವಾದಕ ಸೆಗೋವಿಯಾ. ಅವನು ನುಡಿಸಬೇಕಾಗಿದ್ದುದು ದೊಡ್ಡ ಸಭಾಂಗಣಗಳಲ್ಲಿ. ಎರಡನೆಯ ಮಹಾಯುದ್ಧದ ನಂತರ ಕರುಳಿನ ತಂತಿಯ ಜಾಗಕ್ಕೆ ನೈಲಾನ್ ಬಂದು ಉಗುರಿನ ಸವೆತವೂ ಕಡಿಮೆಯಾಯಿತು. ಹೀಗೆ ಈ ಆರೈಕೆ ತನ್ನ ನಾಡಿನಲ್ಲೇ ಇತ್ತೀಚಿನದು, ಕತಾರಿಗೆ ಇನ್ನೂ ಹೊಸದು.

ಕತಾರಿನಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು ಕೈಗಳ ಕೆಲಸ ಬದಲಾದ ಮೇಲೆ. ಜಪಾನಿನ ಕೃಷಿ ಮುತ್ತು ಮತ್ತು 1929ರ ಆರ್ಥಿಕ ಕುಸಿತ ಸೇರಿ ಮುತ್ತಿನ ಕಸುಬನ್ನು ಮುರಿದವು. 1949ರಲ್ಲಿ ತೈಲದ ರಫ್ತು ಶುರುವಾಯಿತು. 2011ರಲ್ಲಿ ಬಾಗಿಲು ತೆರೆದ ಕತಾರ್ ಸಂಗೀತ ಅಕಾಡೆಮಿ ಕತಾರಾ ಸಾಂಸ್ಕೃತಿಕ ಗ್ರಾಮದಲ್ಲಿ ಅರಬ್ ವಾದ್ಯಗಳನ್ನೂ ಪಾಶ್ಚಾತ್ಯ ವಾದ್ಯಗಳನ್ನೂ ಕಲಿಸುತ್ತದೆ. ಮಕ್ಕಳ ಬಲಗೈ ಉಗುರಿಗೆ ಅರ ಹಿಡಿಯುವ ಮನೆಗಳು ಈಗ ದೋಹಾದಲ್ಲಿವೆ ಎಂದರೆ, ಆ ಕೈಗಳು ಹಗ್ಗ ಎಳೆಯಬೇಕಾಗಿಲ್ಲ ಎಂದೇ ಅರ್ಥ. ಆದರೆ ಒರಟು ಕೆಲಸ ದೇಶದಿಂದ ಮಾಯವಾಗಿಲ್ಲ. ಅದು ಭಾರತ, ನೇಪಾಳ, ಬಾಂಗ್ಲಾದೇಶಗಳಿಂದ ಬಂದವರ ಕೈಗೆ ಹೋಗಿದೆ. ಆಸ್ಪತ್ರೆಯ ನರ್ಸುಗಳ ವಿಷಯ ನಡುವಿನದು: ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಸಹಜ ಉಗುರಿನ ತುದಿ 5 ಮಿಲಿಮೀಟರಿಗಿಂತ ಕಡಿಮೆ ಇರಲಿ, ಕೃತಕ ಉಗುರು ಬೇಡ ಎನ್ನುತ್ತದೆ. ಗಿಟಾರಿಗೆ ಬೇಕಾದ ಒಂದೆರಡು ಮಿಲಿಮೀಟರ್ ಆ ಮಿತಿಯೊಳಗೇ ಇದೆ. ಮುರಿದಾಗ ಅಂಟು ಹಾಕಿ ಕೂರಿಸಲು ಮಾತ್ರ ಅವಕಾಶವಿಲ್ಲ. ಕಟ್ಟಡದ ಕಬ್ಬಿಣ, ಸಿಮೆಂಟು ಹಿಡಿಯುವವರಿಗೆ ಆ ಮಿಲಿಮೀಟರೂ ಉಳಿಯುವುದಿಲ್ಲ. ರಜೆಯ ದಿನ ಅವರಲ್ಲಿ ಯಾರಾದರೂ ಗಿಟಾರ್ ಎತ್ತಿಕೊಂಡರೆ ಅವರ ಬೆರಳಿಗೆ ಒಗ್ಗುವುದು ಪಿಕ್ ಎಂಬ ಪ್ಲಾಸ್ಟಿಕ್ ಚೂರು. ಮುತ್ತಿನ ಕಾಲದ ಕೈಗಳಿಗೆ ರೀಶಾ ಕೊಟ್ಟ ಅನುಕೂಲವನ್ನೇ ಇವರಿಗೆ ಅದು ಕೊಡುತ್ತದೆ.